ಗಣಸಿದ್ಧಾಂತದ ಮುಂದಣ ಹಾದಿ

ಗಣಿತಶಾಸ್ತ್ರವು ನಿಶ್ಚಯಜ್ಞಾನದ ಭಂಡಾರವೆಂದು ನಾವೆಲ್ಲರೂ ಬಾಲ್ಯದಿಂದ ಕೇಳಿಕೊಂಡು ಬಂದಿರುವೆವು. ವೈದ್ಯರು ಒಂದೇ ರೋಗಕ್ಕೆ ಎರಡು ಕಾರಣಗಳನ್ನು ಹೇಳಬಹುದು; ವಕೀಲರು ಒಂದೇ ವಾಕ್ಯಕ್ಕೆ ಎರಡರ್ಥಗಳನ್ನು ಹಚ್ಚಬಹುದು; ಲೆಕ್ಕದಲ್ಲಿ ಮಾತ್ರ ಸರಿಯೆಂದರೆ ಸರಿ, ತಪ್ಪೆಂದರೆ ತಪ್ಪು. ಈ ನಂಬಿಕೆಯನ್ನು ಬುಡಸಹಿತ ಅಲುಗಿಸಿದ ಪ್ರಶ್ನೆಯೊಂದುಂಟು. ಅದು 1878ರಲ್ಲಿ ಹುಟ್ಟಿತು. ಇಂದಿಗೂ ಅದಕ್ಕೆ ಹೌದೆಂಬ ಉತ್ತರವಿಲ್ಲ, ಅಲ್ಲವೆಂಬ ಉತ್ತರವೂ ಇಲ್ಲ. ಅಷ್ಟೇ ಅಲ್ಲ, ಗಣಿತಜ್ಞರು ಈಗ ಒಪ್ಪಿ ನಡೆಯುತ್ತಿರುವ ನಿಯಮಗಳಿಂದ ಉತ್ತರವು ದೊರೆಯಲಾರದೆಂಬುದೇ ಸಿದ್ಧವಾಗಿದೆ. ಇಂಥ ಪ್ರಶ್ನೆಯನ್ನು ಏನು ಮಾಡಬೇಕು? ಅದನ್ನು ಕೈಬಿಡಬೇಕೆ? ನಿಯಮಗಳನ್ನೇ ಹೆಚ್ಚಿಸಬೇಕೆ? ಅಥವಾ ಎರಡು ಉತ್ತರಗಳೂ ಸಮವೆಂದು ಒಪ್ಪಿಕೊಳ್ಳಬೇಕೆ? ಗಣಸಿದ್ಧಾಂತವೆಂಬ ಶಾಸ್ತ್ರದ ಮುಂದಿನ ಸಂಶೋಧನೆಯು ಈ ದಾರಿಗಳು ಕೂಡುವೆಡೆಯಲ್ಲಿ ನಿಂತಿದೆ. ಭವಿಷ್ಯವನ್ನು ನುಡಿಯುವುದು ಜೋಯಿಸರ ಕೆಲಸ, ಚರಿತ್ರಕಾರನದಲ್ಲ. ಆದರೆ ಹಿಂದೊಮ್ಮೆ ಇಂಥದೇ ಕೂಡುದಾರಿಯಲ್ಲಿ ಏನು ನಡೆಯಿತೆಂಬುದನ್ನು ಅವನು ಹೇಳಬಲ್ಲನು. ಅಷ್ಟನ್ನು ಇಲ್ಲಿ ಹೇಳಲು ನಾವು ಯತ್ನಿಸುವೆವು.

ಗಣವೆಂದರೆ ಸಮೂಹ, ಅದಕ್ಕಿಂತ ಗಹನವಾದ ಅರ್ಥವೇನೂ ಇಲ್ಲ. ಎರಡು ಸಮೂಹಗಳು ಸಮವೋ ಅಲ್ಲವೋ ಎಂದು ತಿಳಿಯಲು ಎಣಿಸಲೇಬೇಕೆಂದಿಲ್ಲ. ಮದುವೆಯ ಮನೆಯಲ್ಲಿ ಊಟಕ್ಕೆ ಎಲೆ ಹಾಕಿದೆಯೆನ್ನೋಣ. ಎಲ್ಲರೂ ಕುಳಿತ ಮೇಲೆ ಒಂದು ಎಲೆಯೂ ಬರಿದಾಗಿ ಉಳಿಯದೆ, ಒಬ್ಬರೂ ಎಲೆಯಿಲ್ಲದೆ ನಿಲ್ಲದೆ ಇದ್ದರೆ, ಎಲೆಗಳೂ ಜನರೂ ಸಮಸಂಖ್ಯೆಯೆಂದು ಬಡಿಸುವವನು ಎಣಿಸದೆಯೇ ಹೇಳಬಲ್ಲನು. ಈ ಸಾಧಾರಣವಾದ ಉಪಾಯವನ್ನು ಅನಂತ ಸಮೂಹಗಳಿಗೆ ಹಚ್ಚಿದೊಡನೆ ವಿಚಿತ್ರಗಳು ಮೊದಲಾಗುವುವು. ಒಂದು, ಎರಡು, ಮೂರು ಎಂಬ ಸಂಖ್ಯೆಗಳ ಸಾಲನ್ನೂ, ಒಂದು, ನಾಲ್ಕು, ಒಂಬತ್ತು ಎಂಬ ವರ್ಗಸಂಖ್ಯೆಗಳ ಸಾಲನ್ನೂ ಎದುರುಬದುರಾಗಿ ಇಟ್ಟರೆ ಪ್ರತಿಯೊಂದು ಸಂಖ್ಯೆಗೂ ಒಂದು ವರ್ಗವು ಜೊತೆಯಾಗುವುದು. ವರ್ಗಗಳು ಸಂಖ್ಯೆಗಳ ಒಂದು ಭಾಗಮಾತ್ರ. ಆದರೂ ಎರಡೂ ಸಮ! ಗೆಲಿಲಿಯೋ 1638ರಲ್ಲಿಯೇ ಇದನ್ನು ಗಮನಿಸಿ, ಅನಂತದ ವಿಷಯದಲ್ಲಿ ಹೆಚ್ಚು ಕಡಮೆಯೆಂಬ ಮಾತುಗಳು ಸಲ್ಲವೆಂದು ಹೇಳಿ ಕೈತೊಳೆದುಕೊಂಡನು.

ಅನಂತದಲ್ಲಿಯೂ ಭೇದಗಳುಂಟೆಂಬ ಮಾತು ನಮ್ಮ ನಾಡಿಗೆ ಪೂರ್ತಿ ಹೊಸದಲ್ಲ. ಜೈನಾಚಾರ್ಯರು ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತಗಳೆಂದು ವಿಂಗಡಿಸಿ, ಅನಂತದಲ್ಲಿಯೇ ಮತ್ತೆ ಒಳಭೇದಗಳನ್ನು ಹೇಳಿದ್ದರು. ಈ ವಿಚಾರವನ್ನು ವಿಸ್ತರಿಸುವ ವೀರಸೇನಾಚಾರ್ಯರ ಧವಳಾ ಟೀಕೆಯು ಮೂಡಬಿದಿರೆಯ ಬಸದಿಯಲ್ಲಿ ತಾಳೆಯೋಲೆಗಳ ರೂಪದಲ್ಲಿ ಉಳಿದುಬಂದಿತು. ಆದರೆ ಅಲ್ಲಿಯ ವಿಭಾಗಗಳು ಬೇರೆ, ನಾವು ಈಗ ಹೇಳಲಿರುವುದು ಬೇರೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಿದರೆ ಎರಡಕ್ಕೂ ಅನ್ಯಾಯವಾದೀತು. ಅನಂತಗಳಲ್ಲಿ ದೊಡ್ಡದು ಚಿಕ್ಕದೆಂಬುದನ್ನು ಸಾಧನೆಯ ಮೂಲಕ ನಿಶ್ಚಯಿಸಿದವನು ಜರ್ಮನಿಯ ಹಾಲೆ ನಗರದಲ್ಲಿ ಅಧ್ಯಾಪಕನಾಗಿದ್ದ ಗೇಯೋರ್ಗ್ ಕ್ಯಾಂಟರ್.

1873ರ ಡಿಸೆಂಬರ್ 7ರಂದು ಕ್ಯಾಂಟರನು ತನ್ನ ಮಿತ್ರನಾದ ಡೆಡೆಕಿಂಡನಿಗೆ ಒಂದು ಕಾಗದ ಬರೆದನು. ರೇಖೆಯೊಂದರ ಮೇಲಿರುವ ಬಿಂದುಗಳನ್ನು ಒಂದು, ಎರಡು, ಮೂರು ಎಂದು ಹೇಗೆ ಸಾಲುಗೊಳಿಸಿದರೂ ಕೆಲವು ತಪ್ಪಿಯೇ ಹೋಗುವುವೆಂದು ಅದರಲ್ಲಿ ಸಾಧಿಸಿದ್ದನು. 1891ರಲ್ಲಿ ಅವನು ಕೊಟ್ಟ ಇನ್ನೊಂದು ಸಾಧನೆಯು ಎಷ್ಟು ಸರಳವೆಂದರೆ ಲೇಖನಿ ಕಾಗದಗಳಿಲ್ಲದೆ ಕಿವಿಯಿಂದಲೇ ಅದನ್ನು ಗ್ರಹಿಸಬಹುದು. ಸೊನ್ನೆಗೂ ಒಂದಕ್ಕೂ ನಡುವಣ ಎಲ್ಲ ದಶಾಂಶಗಳನ್ನೂ ಯಾರೋ ಸಾಲಾಗಿ ಪಟ್ಟಿಮಾಡಿ ತಂದಿರುವರೆಂದು ಇಟ್ಟುಕೊಳ್ಳೋಣ. ಮೊದಲನೆಯ ಸಂಖ್ಯೆಯ ಮೊದಲನೆಯ ಅಂಕಿ, ಎರಡನೆಯದರ ಎರಡನೆಯ ಅಂಕಿ, ಮೂರನೆಯದರ ಮೂರನೆಯ ಅಂಕಿ, ಹೀಗೆ ಮೂಲೆಯಿಂದ ಮೂಲೆಗೆ ಇಳಿಯುತ್ತ ನಡೆದು, ಕಂಡ ಅಂಕಿ ನಾಲ್ಕಾದರೆ ಐದನ್ನೂ, ನಾಲ್ಕಲ್ಲದಿದ್ದರೆ ನಾಲ್ಕನ್ನೂ ಬರೆಯುತ್ತ ಹೋಗೋಣ. ಹೀಗೆ ದೊರೆತ ಸಂಖ್ಯೆಯು ಪಟ್ಟಿಯ ಮೊದಲನೆಯದಲ್ಲ, ಏಕೆಂದರೆ ಮೊದಲನೆಯ ಅಂಕಿಯೇ ಬೇರೆ. ಎರಡನೆಯದಲ್ಲ, ಎರಡನೆಯ ಅಂಕಿಯು ಬೇರೆ. ಪಟ್ಟಿಯ ಯಾವುದೂ ಅಲ್ಲ. ಆದುದರಿಂದ ಪಟ್ಟಿಯು ಪೂರ್ಣವಾಗಿರಲಿಲ್ಲ. ರೇಖೆಯ ಅನಂತವು ಎಣಿಕೆಯ ಅನಂತಕ್ಕಿಂತ ದೊಡ್ಡದು.

ಈಗ ಪ್ರಶ್ನೆ. ಎಣಿಕೆಯ ಅನಂತಕ್ಕೆ ಕ್ಯಾಂಟರನು ಹೀಬ್ರೂ ವರ್ಣಮಾಲೆಯ ಮೊದಲನೆಯ ಅಕ್ಷರದಿಂದ ಆಲೆಫ್-ಸೊನ್ನೆ ಎಂದು ಹೆಸರಿಟ್ಟನು. ಅದರ ಮುಂದಿನ ಮೆಟ್ಟಿಲು ಆಲೆಫ್-ಒಂದು, ಅದರ ಮುಂದಿನದು ಆಲೆಫ್-ಎರಡು. ರೇಖೆಯ ಬಿಂದುಗಳ ಸಮೂಹಕ್ಕೆ ಸಾತತ್ಯವೆಂದು ಹೆಸರು. ಈ ಸಾತತ್ಯವು ಯಾವ ಮೆಟ್ಟಿಲಿನ ಮೇಲೆ ನಿಂತಿದೆ? ಎಣಿಕೆಗೂ ರೇಖೆಗೂ ನಡುವೆ ಬೇರೆ ಯಾವ ಅನಂತವೂ ಇಲ್ಲವೆಂದು ಕ್ಯಾಂಟರನು 1878ರಲ್ಲಿ ಊಹಿಸಿದನು. ಎಂದರೆ, ಸಾತತ್ಯವು ಆಲೆಫ್-ಒಂದರಲ್ಲಿಯೇ ಇರುವುದು. ಇದೇ ಸಾತತ್ಯದ ಊಹೆ. ಅದನ್ನು ಸಾಧಿಸಲು ಅವನು ಬಾಳೆಲ್ಲ ಹೆಣಗಿದನು. 1884ರಲ್ಲಿ ಸಾಧಿಸಿದೆನೆಂದು ತಿಳಿದು, ಸಾಧನೆಯಲ್ಲಿ ದೋಷವನ್ನು ಕಂಡು ಮಾತನ್ನು ಹಿಂತೆಗೆದುಕೊಂಡನು. ಅದೇ ವರ್ಷ ಅವನಿಗೆ ಮನೋವ್ಯಾಧಿಯು ಮೊದಲ ಸಲ ತೋರಿತು. 1918ರ ಜನವರಿಯಲ್ಲಿ ಹಾಲೆಯ ಚಿಕಿತ್ಸಾಲಯವೊಂದರಲ್ಲಿ ಅವನು ತೀರಿಕೊಂಡಾಗಲೂ ಪ್ರಶ್ನೆಯು ಪ್ರಶ್ನೆಯಾಗಿಯೇ ಉಳಿದಿತ್ತು. ಈ ಮಧ್ಯೆ ಅದು ಲೋಕವಿಖ್ಯಾತವಾಗಿತ್ತು. 1900ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ಗಣಿತಜ್ಞರ ಮಹಾಸಭೆಯಲ್ಲಿ ಹಿಲ್ಬರ್ಟನು ಹೊಸ ಶತಮಾನಕ್ಕೆ ಒಪ್ಪಿಸಿದ ಸಮಸ್ಯೆಗಳ ಪಟ್ಟಿಯು ಪ್ರಕಟವಾದಾಗ ಅದರಲ್ಲಿದ್ದವು 23, ಮೊದಲನೆಯದೇ ಇದು.

ಉತ್ತರ ದೊರೆಯುವ ಮೊದಲು ಮನೆಯ ಅಸ್ತಿಭಾರವೇ ಬಿರುಕುಬಿಟ್ಟಿತು. 1902ರಲ್ಲಿ ಬರ್ಟ್ರಂಡ್ ರಸೆಲನು ಫ್ರೇಗೆ ಎಂಬ ತರ್ಕಶಾಸ್ತ್ರಜ್ಞನಿಗೆ ಬರೆದ ಕಾಗದವೊಂದರಲ್ಲಿ ಒಂದು ವಿರೋಧಾಭಾಸವನ್ನು ಎತ್ತಿ ತೋರಿಸಿದನು. ಅದರ ಧಾಟಿಯನ್ನು ಹೀಗೆ ತಿಳಿಯಬಹುದು. ಪುಸ್ತಕಭಂಡಾರದಲ್ಲಿ ಅನೇಕ ಗ್ರಂಥಸೂಚಿಗಳಿವೆ. ಕೆಲವು ತಮ್ಮ ಹೆಸರನ್ನೂ ತಮ್ಮೊಳಗೆ ಸೇರಿಸಿಕೊಂಡಿವೆ, ಕೆಲವು ಸೇರಿಸಿಕೊಂಡಿಲ್ಲ. ತಮ್ಮ ಹೆಸರನ್ನು ಸೇರಿಸಿಕೊಳ್ಳದ ಸೂಚಿಗಳಿಗೆಲ್ಲ ಒಂದು ಸೂಚಿಯನ್ನು ಮಾಡಿದರೆ, ಅದರಲ್ಲಿ ಅದರ ಹೆಸರು ಬರಬೇಕೆ ಬೇಡವೆ? ಬಂದರೆ ಬರಬಾರದು, ಬಾರದಿದ್ದರೆ ಬರಬೇಕು. ಮನಸ್ಸಿಗೆ ತೋಚಿದ ಸಮೂಹಗಳೆಲ್ಲ ಗಣಗಳೆಂಬ ಸಡಿಲವಾದ ನಂಬಿಕೆಯು ಅಲ್ಲಿಗೆ ಮುಗಿಯಿತು. 1908ರಲ್ಲಿ ಝರ್ಮೆಲೋ ಎಂಬುವನು ಯಾವ ಗಣಗಳನ್ನು ಒಪ್ಪಬಹುದೆಂಬುದಕ್ಕೆ ಕಟ್ಟುನಿಟ್ಟಾದ ಸ್ವಯಂಸಿದ್ಧಗಳನ್ನು ರಚಿಸಿದನು. ಫ್ರೆಂಕೆಲ್, ಸ್ಕೋಲೆಮ್ ಎಂಬವರು 1922ರಲ್ಲಿ ಅವನ್ನು ತಿದ್ದಿ ತುಂಬಿದರು. ಇಂದಿನ ಗಣಿತದ ಬಹುಭಾಗವೆಲ್ಲ ಈ ಹತ್ತರಷ್ಟು ವಾಕ್ಯಗಳ ಮೇಲೆ ನಿಲ್ಲಬಲ್ಲುದು. ನಾವು ಆರಂಭದಲ್ಲಿ ಹೇಳಿದ ನಿಯಮಗಳೆಂದರೆ ಇವೇ.

ಇನ್ನು 1925ಕ್ಕೆ ಬರೋಣ. ನಮ್ಮ ಕಥೆಯ ನಡುಗಂಬವು ಆ ವರ್ಷದಲ್ಲಿದೆ. ಜರ್ಮನಿಯ ಮ್ಯುನ್‌ಸ್ಟರ್ ನಗರದಲ್ಲಿ ಹಿಲ್ಬರ್ಟನು ಅನಂತವನ್ನು ಕುರಿತು ಭಾಷಣಮಾಡಿದನು. ಕ್ಯಾಂಟರನು ಕಟ್ಟಿಕೊಟ್ಟ ಸ್ವರ್ಗದಿಂದ ಗಣಿತಜ್ಞರನ್ನು ಹೊರಡಿಸಲು ಯಾರಿಗೂ ಸಾಧ್ಯವಿಲ್ಲವೆಂದು ಸಾರಿ, ಸಾತತ್ಯದ ಊಹೆಯ ಸಾಧನೆಗೆ ಒಂದು ರೇಖಾಚಿತ್ರವನ್ನೂ ಮುಂದಿಟ್ಟನು. ಗಣಿತದಲ್ಲಿ ತಿಳಿಯಲಾರದ್ದು ಯಾವುದೂ ಇಲ್ಲವೆಂಬುದು ಅವನ ಶ್ರದ್ಧೆ. ಅದೇ ವರ್ಷ ಮಾಸ್ಕೋ ನಗರದ ಲೂಜಿನನು ಬೇರೊಂದು ಪ್ರಶ್ನೆಯನ್ನು ಕುರಿತು ಬರೆಯುತ್ತ, ಇದರ ಉತ್ತರವು ತಿಳಿದಿಲ್ಲ, ಎಂದಿಗೂ ತಿಳಿಯದು ಎಂದು ತೀರ್ಪುಕೊಟ್ಟನು. ಒಬ್ಬನು ಎಲ್ಲವೂ ತಿಳಿದೀತೆಂದನು; ಇನ್ನೊಬ್ಬನು ಇದೊಂದು ತಿಳಿಯದೆಂದನು. ಮುಂದಿನ ಅರುವತ್ತು ವರ್ಷಗಳಲ್ಲಿ ಇಬ್ಬರ ಮಾತುಗಳೂ, ಅವರಿಬ್ಬರೂ ಎಣಿಸದ ರೀತಿಯಲ್ಲಿ, ತಲೆಕೆಳಗಾದುವು.

ಲೂಜಿನನ ಪ್ರಶ್ನೆಯು ಹುಟ್ಟಿದುದು ಒಂದು ತಪ್ಪಿನಿಂದ. ಫ್ರಾನ್ಸಿನ ಲೆಬೇಗನು 1905ರ ತನ್ನ ಪ್ರಬಂಧದಲ್ಲಿ, ಸಮತಲದಲ್ಲಿರುವ ಸುಲಭ ರೀತಿಯ ಗಣವೊಂದರ ನೆರಳನ್ನು ರೇಖೆಯ ಮೇಲೆ ಬೀಳಿಸಿದರೆ ಆ ನೆರಳೂ ಸುಲಭವಾದುದೇ ಎಂದು ಹೇಳಿಬಿಟ್ಟಿದ್ದನು. 1916ರಲ್ಲಿ ಲೂಜಿನನ ಶಿಷ್ಯನಾಗಿದ್ದ ಸುಸ್ಲಿನ್ ಎಂಬ ವಿದ್ಯಾರ್ಥಿಯು ಅದು ತಪ್ಪೆಂದು ಕಂಡುಹಿಡಿದನು. ನೆರಳು ಮೂಲಕ್ಕಿಂತ ಜಟಿಲವಾಗಬಹುದು! ಹೊಸದೊಂದು ಶಾಸ್ತ್ರಭಾಗಕ್ಕೆ ಬಾಗಿಲು ತೆರೆದ ಆ ತರುಣನು 1919ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ, ವಿಷಮಜ್ವರಕ್ಕೆ ತುತ್ತಾದನು. ನೆರಳನ್ನು ಬೀಳಿಸಿ, ಉಳಿದುದನ್ನು ತೆಗೆದು, ಮತ್ತೆ ನೆರಳನ್ನು ಬೀಳಿಸಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ದೊರೆಯುವ ಗಣಗಳಿಗೆ ಪ್ರಕ್ಷೇಪಗಣಗಳೆಂದು ಹೆಸರು. ಇವು ಎಲ್ಲಿಂದಲೋ ಬಂದ ವಿಕೃತಿಗಳಲ್ಲ. ಗಣಿತಜ್ಞನು ಬಿಡಿಸಿ ಹೇಳಬಲ್ಲ ಗಣಗಳು. ಇವುಗಳಿಗೆಲ್ಲ ಉದ್ದದ ಅಳತೆಯು ಸಲ್ಲುವುದೆ? ಇವುಗಳಲ್ಲಿ ಎಣಿಕೆಗೂ ಸಾತತ್ಯಕ್ಕೂ ನಡುವಣ ಗಾತ್ರದ್ದೊಂದು ಇರಬಹುದೆ? ಮೊದಲ ಮೆಟ್ಟಿಲಿನಲ್ಲಿ ಸುಸ್ಲಿನ್ ಲೂಜಿನರು ಉತ್ತರವನ್ನು ಕಂಡರು. ಅದರ ಮುಂದೆ ಲೂಜಿನನು ಕೈಚೆಲ್ಲಿದನು.

ಹಿಲ್ಬರ್ಟನ ಶ್ರದ್ಧೆಗೆ ಮೊದಲ ಪೆಟ್ಟು ಬಿದ್ದುದು ಅವನ ಹುಟ್ಟೂರಾದ ಕೋನಿಗ್ಸ್‌ಬರ್ಗಿನಲ್ಲಿ. 1930ರ ಸೆಪ್ಟೆಂಬರಿನಲ್ಲಿ ಅಲ್ಲಿ ನೆರೆದ ವಿದ್ವತ್ಸಭೆಗಳಲ್ಲಿ ಹಿಲ್ಬರ್ಟನು ತನ್ನ ನಂಬಿಕೆಯನ್ನು ಘೋಷಿಸುವ ಹಿಂದಿನ ದಿನವೇ, ವಿಯೆನ್ನಾದಿಂದ ಬಂದಿದ್ದ ಕುರ್ಟ್ ಗೋಡೆಲ್ ಎಂಬ ಇಪ್ಪತ್ತನಾಲ್ಕು ವರ್ಷದ ಯುವಕನು ಮೆಲ್ಲನೆ ಒಂದು ಮಾತನ್ನು ತಿಳಿಸಿದನು. ಅದು ಮರುವರ್ಷ ಪ್ರಕಟವಾಯಿತು: ಅಂಕಗಣಿತವನ್ನು ಒಳಗೊಂಡ ಯಾವ ಸುಸಂಗತವಾದ ಸ್ವಯಂಸಿದ್ಧಪದ್ಧತಿಯಲ್ಲಿಯೂ, ಅದರ ಸೂತ್ರಗಳನ್ನು ಯಾಂತ್ರಿಕವಾಗಿ ಪಟ್ಟಿಮಾಡಬಹುದಾದಲ್ಲಿ, ಸಾಧಿಸಲೂ ಖಂಡಿಸಲೂ ಬಾರದ ವಾಕ್ಯಗಳು ಉಳಿದೇ ಉಳಿಯುವುವು. 1938ರಲ್ಲಿ ಅವನೇ ಸಾತತ್ಯದ ಊಹೆಗೆ ಕೈಹಾಕಿ, ನಿಯಮಗಳು ಕೇಳುವಷ್ಟನ್ನೇ ಇಟ್ಟುಕೊಂಡು ಅತಿ ಮಿತವಾಗಿ ಕಟ್ಟಿದ ಗಣಗಳ ಒಂದು ಜಗತ್ತನ್ನು ತೋರಿಸಿದನು. ಆ ಜಗತ್ತಿನಲ್ಲಿ ಕ್ಯಾಂಟರನ ಊಹೆಯು ನಿಜ. ಆದುದರಿಂದ ಹಳೆಯ ನಿಯಮಗಳು ಸುಸಂಗತವಾಗಿರುವವರೆಗೆ ಅವುಗಳಿಂದ ಊಹೆಯನ್ನು ಯಾರೂ ಖಂಡಿಸಲಾರರು. ಅದೇ ಮಿತವ್ಯಯದ ಜಗತ್ತಿನಲ್ಲಿ ಅಳತೆಗೆ ಸಿಕ್ಕದ ಪ್ರಕ್ಷೇಪಗಣವೊಂದು ಉಂಟೆಂಬುದೂ ಕಂಡುಬಂದಿತು.

ಇನ್ನರ್ಧವನ್ನು ಪೂರೈಸಿದವನು ಅಮೆರಿಕದ ಪಾಲ್ ಕೋಹೆನ್. ಇವನು ತರ್ಕಶಾಸ್ತ್ರದವನಲ್ಲ, ವಿಶ್ಲೇಷಣಗಣಿತದವನು. ಹೊರಗಿನಿಂದ ಬಂದು 1963ರಲ್ಲಿ ಒಳಗಿನವರನ್ನು ಬೆರಗುಗೊಳಿಸಿದನು. ಗೋಡೆಲನು ಜಗತ್ತನ್ನು ಕಿರಿದುಮಾಡಿದ್ದರೆ ಕೋಹೆನನು ಅದನ್ನು ಹಿಗ್ಗಿಸಿದನು. ಇರುವ ಜಗತ್ತಿಗೆ ರೇಖೆಯ ಹೊಸ ಬಿಂದುಗಳನ್ನು, ಬೇಕಾದಷ್ಟು ಸಂಖ್ಯೆಯಲ್ಲಿ, ನಿಯಮಗಳಿಗೆ ಭಂಗಬಾರದಂತೆ ಸೇರಿಸುವ ಫೋರ್ಸಿಂಗ್ ಎಂಬ ವಿಧಾನವನ್ನು ಅವನು ಕಂಡುಹಿಡಿದನು. ಹೀಗೆ ಹಿಗ್ಗಿದ ಜಗತ್ತಿನಲ್ಲಿ ಸಾತತ್ಯವು ಆಲೆಫ್-ಎರಡಾಗಬಹುದು, ಆಲೆಫ್-ಹತ್ತೂ ಆಗಬಹುದು. ಆದುದರಿಂದ ಊಹೆಯನ್ನು ಖಂಡಿಸಲು ಬಾರದಂತೆಯೇ ಸಾಧಿಸಲೂ ಬಾರದು. 1966ರಲ್ಲಿ ಕೋಹೆನನಿಗೆ ಫೀಲ್ಡ್ಸ್ ಪದಕವು ದೊರೆಯಿತು. ಅದನ್ನು ಕೊಟ್ಟ ಮಹಾಸಭೆಯು ಸೇರಿದ್ದುದು ಲೂಜಿನನ ಮಾಸ್ಕೋ ನಗರದಲ್ಲಿ. ಹಿಲ್ಬರ್ಟನ ಮೊದಲನೆಯ ಸಮಸ್ಯೆಯ ಮುಂದೆ, ನಿಯಮಗಳಿಂದ ತೀರದು, ಎಂದು ಬರೆಯಬೇಕಾಯಿತು.

ಇಲ್ಲಿಗೆ ಕಥೆಯು ಮುಗಿಯಿತೆಂದು ಅನೇಕರು ತಿಳಿದರು, ಇಂದಿಗೂ ತಿಳಿಯುವರು. ಆದರೆ ಗೋಡೆಲನು 1947ರಲ್ಲಿಯೇ, ಎಂದರೆ ಕೋಹೆನನ ಸಾಧನೆಗೆ ಹದಿನಾರು ವರ್ಷ ಮೊದಲೇ, ಬೇರೊಂದು ದಾರಿಯನ್ನು ಸೂಚಿಸಿದ್ದನು. ನಿಯಮಗಳಿಂದ ಉತ್ತರವು ಬಾರದಿದ್ದರೆ ಪ್ರಶ್ನೆಯಲ್ಲಿ ಅರ್ಥವಿಲ್ಲವೆಂದು ಹೇಳಬೇಕಾಗಿಲ್ಲ. ನಿಯಮಗಳು ಅಪೂರ್ಣವೆಂದು ಹೇಳಬಹುದು. ಹೊಸ ಸ್ವಯಂಸಿದ್ಧಗಳನ್ನು ಹುಡುಕಬೇಕು. ಅವು ನೋಡಿದೊಡನೆ ಮನವರಿಕೆಯಾಗದಿದ್ದರೂ, ಅವುಗಳ ಫಲವು ಸಮೃದ್ಧವಾಗಿದ್ದು, ಚದರಿದ ಸಂಗತಿಗಳನ್ನು ಒಂದುಗೂಡಿಸುವುದಾದರೆ, ಭೌತಶಾಸ್ತ್ರಜ್ಞನು ಸಿದ್ಧಾಂತವನ್ನು ಒಪ್ಪುವಂತೆ ಅವನ್ನು ಒಪ್ಪಬಹುದು. ನಮ್ಮ ಭಾಷೆಯಲ್ಲಿ ಈ ಮಾತಿನ ತೊಡಕು ಚೆನ್ನಾಗಿ ಕಾಣುತ್ತದೆ. ಸ್ವಯಂಸಿದ್ಧವೆಂದರೆ ತಾನಾಗಿಯೇ ಸಿದ್ಧವಾದುದು. ಗೋಡೆಲನು ಬಯಸಿದುದು ಫಲದಿಂದ ಸಿದ್ಧವಾಗುವ ಸ್ವಯಂಸಿದ್ಧಗಳನ್ನು! ಅವನ ದೃಷ್ಟಿಯಲ್ಲಿದ್ದುವು ಮಹಾಸಂಖ್ಯೆಗಳು: ಹಳೆಯ ನಿಯಮಗಳಿಂದ ಹತ್ತಿ ತಲುಪಲಾಗದಷ್ಟು ಎತ್ತರದಲ್ಲಿರುವ ಅನಂತಗಳು. ಅಂಥವು ಇವೆಯೆಂದು ನಿಯಮಗಳಿಂದ ಸಾಧಿಸಲಾಗದು, ಇವೆಯೆಂದು ಅಂಗೀಕರಿಸಬೇಕು.

ಸಾತತ್ಯದ ಊಹೆಯ ವಿಷಯದಲ್ಲಿ ಈ ಆಶೆಯು ಬಹುಮಟ್ಟಿಗೆ ಭಂಗವಾಯಿತು. ಆಗ ತಿಳಿದಿದ್ದ ಮಹಾಸಂಖ್ಯೆಗಳು ಅದನ್ನು ಯಾವ ಕಡೆಗೂ ನಿರ್ಣಯಿಸಲಾರವೆಂದು 1967ರಲ್ಲಿ ಲೆವಿ, ಸೊಲೊವೇ ಎಂಬವರು ತೋರಿಸಿದರು. ಆದರೆ ಲೂಜಿನನ ಪ್ರಶ್ನೆಯ ವಿಷಯದಲ್ಲಿ ನಡೆದುದೇ ಬೇರೆ, ಮತ್ತು ಉತ್ತರವು ಬಂದುದು ಆಟದ ದಾರಿಯಿಂದ. ಇಬ್ಬರು ಆಟಗಾರರು ಸರದಿಯ ಮೇಲೆ ಒಂದೊಂದು ಅಂಕಿಯನ್ನು ಎಂದೆಂದಿಗೂ ಬರೆಯುತ್ತ ಹೋಗುವರೆನ್ನೋಣ. ಹುಟ್ಟುವ ಸಂಖ್ಯೆಯು ಮೊದಲೇ ಗೊತ್ತುಮಾಡಿದ ಗಣದೊಳಗೆ ಬಿದ್ದರೆ ಮೊದಲನೆಯವನ ಗೆಲವು. ಹೊರಗೆ ಬಿದ್ದರೆ ಎರಡನೆಯವನದು. ಚದುರಂಗದಂತೆ ಕೊನೆಯುಳ್ಳ ಆಟವಾದರೆ, ಒಬ್ಬನಿಗೆ ಗೆಲ್ಲುವ ಉಪಾಯವಾದರೂ ಉಂಟು, ಇಲ್ಲವೆ ಇಬ್ಬರಿಗೂ ಸೋಲದಿರುವ ಉಪಾಯವುಂಟು. ಕೊನೆಯಿಲ್ಲದ ಈ ಆಟದಲ್ಲಿಯೂ ಒಬ್ಬನಿಗೆ ನಿಶ್ಚಿತವಾದ ಗೆಲವಿನ ಉಪಾಯವಿದೆಯೆ? ಈ ನಿರ್ಣಯತತ್ವವನ್ನು 1962ರಲ್ಲಿ ಮಿಚೆಲ್ಸ್ಕಿ, ಸ್ಟೈನ್‌ಹೌಸ್ ಎಂಬ ಪೋಲೆಂಡಿನ ಗಣಿತಜ್ಞರು ಮುಂದಿಟ್ಟರು. ಎಲ್ಲ ಗಣಗಳಿಗೂ ಅದನ್ನು ಹಚ್ಚಿದರೆ ಹಳೆಯ ನಿಯಮಗಳೊಡನೆ ವಿರೋಧ ಬರುವುದು. ಪ್ರಕ್ಷೇಪಗಣಗಳಿಗೆ ಮಾತ್ರ ಹಚ್ಚಿದರೆ ಲೂಜಿನನ ಪ್ರಶ್ನೆಗಳೆಲ್ಲಕ್ಕೂ ಒಮ್ಮೆಲೇ ಉತ್ತರ ದೊರೆಯುವುದು.

ಆದರೆ ಈ ತತ್ವವು ನಿಜವೆಂದು ಹೇಳುವವರಾರು? ಅಮೆರಿಕದ ಡೊನಾಲ್ಡ್ ಮಾರ್ಟಿನ್ ಅವರು 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಹಾಸಂಖ್ಯೆಯೊಂದನ್ನು ಅಂಗೀಕರಿಸಿದರೆ ಮೊದಲ ಮೆಟ್ಟಿಲಿನ ಪ್ರಕ್ಷೇಪಗಣಗಳಲ್ಲಿ ಅದು ನಿಲ್ಲುವುದೆಂದು ತೋರಿಸಿದರು. ಎಷ್ಟೋ ಎತ್ತರದ ಅನಂತವೊಂದು ನಮ್ಮ ಕೈಯಳತೆಯ ರೇಖೆಯ ಮೇಲೆ ಬೆಳಕು ಬೀರಿತು. 1975ರಲ್ಲಿ ಅವರೇ ಅತ್ಯಂತ ಸುಲಭವಾದ ಬೊರೆಲ್ ಗಣಗಳಿಗೆ ಹಳೆಯ ನಿಯಮಗಳಿಂದಲೇ ಅದನ್ನು ಸಾಧಿಸಿದರು. 1985ರಲ್ಲಿ ಮಾರ್ಟಿನ್ ಮತ್ತು ಸ್ಟೀಲ್ ಅವರು, ಹ್ಯೂ ವುಡಿನ್ ಅವರ ಹೆಸರಿನ ಮಹಾಸಂಖ್ಯೆಗಳನ್ನು ಆಧಾರವಾಗಿಟ್ಟುಕೊಂಡು, ಎಲ್ಲ ಪ್ರಕ್ಷೇಪಗಣಗಳಿಗೂ ತತ್ವವು ಸಲ್ಲುವುದೆಂದು ಸಾಧಿಸಿದರು. ಎಂದಿಗೂ ತಿಳಿಯದೆಂದು ಲೂಜಿನನು ಹೇಳಿ ಆಗ ಅರುವತ್ತು ವರ್ಷ. ಎಲ್ಲ ಪ್ರಕ್ಷೇಪಗಣಗಳಿಗೂ ಅಳತೆಯು ಸಲ್ಲುವುದು. ಅವುಗಳಲ್ಲಿ ನಡುವಣ ಗಾತ್ರದ್ದು ಒಂದೂ ಇಲ್ಲ. ಇನ್ನೂ ಸೋಜಿಗವೆಂದರೆ, ಹಿಮ್ಮುಖವಾಗಿ ಹೋದರೂ ದಾರಿ ಉಂಟು: ನಿರ್ಣಯತತ್ವವನ್ನು ಒಪ್ಪಿದರೆ ಆ ಮಹಾಸಂಖ್ಯೆಗಳನ್ನು ಒಳಗೊಂಡ ಒಳಜಗತ್ತುಗಳು ತಾವಾಗಿ ದೊರೆಯುವುವು. ಎರಡು ಬೇರೆ ದಿಕ್ಕುಗಳಿಂದ ಹೊರಟ ಜನರು ಒಂದೇ ಬಾವಿಯ ಬಳಿ ಸಂಧಿಸಿದರೆ, ಅಲ್ಲಿ ನೀರಿದೆಯೆಂದು ಊಹಿಸುವುದು ನ್ಯಾಯವಲ್ಲವೆ?

ಗಣಸಿದ್ಧಾಂತದ ಮುಂದಣ ಹಾದಿಯನ್ನು ಕುರಿತು ಇಂದು ನಡೆಯುತ್ತಿರುವ ವಾದವೆಲ್ಲ, ಈ ಯಶಸ್ಸನ್ನು ಸಾತತ್ಯದ ಊಹೆಗೂ ವಿಸ್ತರಿಸಬಹುದೆ ಎಂಬುದನ್ನು ಸುತ್ತಿಕೊಂಡಿದೆ. ಒಂದು ಪಕ್ಷದವರು ಜಗತ್ತು ಆದಷ್ಟು ಹಿಗ್ಗಿರಬೇಕೆನ್ನುವರು: ಫೋರ್ಸಿಂಗಿನಿಂದ ತರಬಹುದಾದ ವಸ್ತುಗಳು, ನಿಯಮಕ್ಕೆ ವಿರೋಧವಿಲ್ಲದಷ್ಟರಮಟ್ಟಿಗೆ, ಮೊದಲೇ ಇಲ್ಲಿ ಇರಬೇಕು. ಫೋರ್ಮನ್, ಮಗಿಡೋರ್, ಶೆಲಾಹ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ, ಮಾರ್ಟಿನ್ ಅವರ ಹೆಸರನ್ನು ಹೊತ್ತ ಪರಮಾವಧಿ ಸೂತ್ರವು ಈ ಬಗೆಯದು. ಅದನ್ನು ಒಪ್ಪಿದರೆ ಕ್ಯಾಂಟರನ ಊಹೆಯು ಸುಳ್ಳು. ಸಾತತ್ಯವು ಸರಿಯಾಗಿ ಆಲೆಫ್-ಎರಡು. ವುಡಿನ್ ಅವರು ಬೇರೆ ದಾರಿಯಿಂದ ನಿರೂಪಿಸಿದ್ದ ಇನ್ನೊಂದು ಸೂತ್ರವೂ ಆಲೆಫ್-ಎರಡನ್ನೇ ಹೇಳುತ್ತಿತ್ತು. ಇವೆರಡೂ ಪ್ರತಿಸ್ಪರ್ಧಿಗಳೆಂದು ಬಹುಕಾಲ ತೋರಿತ್ತು. 2021ರಲ್ಲಿ ಆಸ್ಪೆರೋ ಮತ್ತು ಶಿಂಡ್ಲರ್ ಅವರು ಮೊದಲನೆಯದರ ಬಲಪಡಿಸಿದ ರೂಪದಿಂದ ಎರಡನೆಯದು ಬರುವುದೆಂದು ಪ್ರಕಟಿಸಿದರು. ಇಲ್ಲಿಯೂ ಎರಡು ದಾರಿಗಳು ಕೂಡಿದುವು.

ಇನ್ನೊಂದು ಪಕ್ಷದ ನಾಯಕರು ಅದೇ ವುಡಿನ್ ಅವರು ಎಂಬುದು ಕುತೂಹಲಕರವಾದುದು. 2001ರ ಸುಮಾರಿಗೆ ಊಹೆಯು ಸುಳ್ಳೆಂದು ವಾದಿಸಿದ್ದ ಅವರು ಅನಂತರ ತಮ್ಮ ಅಭಿಪ್ರಾಯವನ್ನು ಬದಲಿಸಿದರು. ಗೋಡೆಲನ ಮಿತವ್ಯಯದ ಜಗತ್ತಿನಷ್ಟೇ ಸುವ್ಯವಸ್ಥಿತವಾಗಿದ್ದು, ಆದರೆ ಅದರಂತೆ ಮಹಾಸಂಖ್ಯೆಗಳನ್ನು ಹೊರಗಿಡದೆ ಎಲ್ಲವನ್ನೂ ಒಳಕೊಳ್ಳುವ ಪರಮಜಗತ್ತೊಂದನ್ನು ಕಟ್ಟಬಹುದೆಂದು ಅವರ ನಿರೀಕ್ಷೆ. ಅದು ಕೈಗೂಡಿದರೆ ಕ್ಯಾಂಟರನ ಊಹೆಯು ನಿಜವಾಗುವುದು. ಆದರೆ ಮೂಲವಾದ ಅನುಮಾನಗಳು ಇನ್ನೂ ಸಾಧಿತವಾಗಿಲ್ಲ. 2024ರಲ್ಲಿ ಅಗಿಲೇರಾ, ಬಗಾರಿಯಾ, ಲ್ಯೂಕೆ ಎಂಬ ಮೂವರು ಹೊಸ ಜಾತಿಯ ಮಹಾಸಂಖ್ಯೆಗಳನ್ನು ವರ್ಣಿಸಿದರು. ಇವುಗಳಲ್ಲೊಂದು, ಹಿಂದೆ ತಿಳಿದಿದ್ದ ಮತ್ತೊಂದು ಮಹಾಸಂಖ್ಯೆಯ ಮೇಲ್ಗಡೆ ಇರುವುದು ಸುಸಂಗತವೆಂದಾದರೆ, ವುಡಿನ್ ಅವರ ಯೋಜನೆಯು ನೆಚ್ಚಿರುವ ಅನುಮಾನವು ಕುಸಿಯುವುದು. ತಲೆಮಾರಿನ ದುಡಿಮೆಯೊಂದು ಹೀಗೆ ತಕ್ಕಡಿಯಲ್ಲಿ ತೂಗುತ್ತಿದೆ.

ಮೂರನೆಯ ಪಕ್ಷದವರು ಪ್ರಶ್ನೆಗೆ ಒಂದೇ ಉತ್ತರವಿರಬೇಕೆಂಬ ಹಟವನ್ನೇ ಬಿಡಬೇಕೆನ್ನುವರು. ಹ್ಯಾಮ್ಕಿನ್ಸ್ ಅವರು 2012ರ ಲೇಖನದಲ್ಲಿ ಗಣಗಳ ಜಗತ್ತು ಒಂದಲ್ಲ, ಅನೇಕ ಎಂದು ಪ್ರತಿಪಾದಿಸಿದರು. ಕೆಲವು ಜಗತ್ತುಗಳಲ್ಲಿ ಊಹೆಯು ನಿಜ, ಕೆಲವುಗಳಲ್ಲಿ ಸುಳ್ಳು. ಒಂದರಿಂದ ಇನ್ನೊಂದಕ್ಕೆ ಹೋಗುವ ಬಗೆಯೂ ನಮಗೆ ತಿಳಿದಿದೆ. ಈ ತಿಳಿವಳಿಕೆಯೇ ಉತ್ತರ. ಇವರಿಂದ ಬೇರೆಯಾಗಿ, 2016ರಲ್ಲಿ ತೀರಿಕೊಂಡ ಫೆಫರ್‌ಮನ್ ಅವರು ಪ್ರಶ್ನೆಯೇ ನಿಷ್ಕೃಷ್ಟವಾದುದಲ್ಲವೆಂದು ವಾದಿಸುತ್ತಿದ್ದರು.

ಈ ಪಕ್ಷಗಳ ನಡುವೆ ತೀರ್ಪುಕೊಡುವ ಯೋಗ್ಯತೆಯು ನಮಗಿಲ್ಲ. ಯಂತ್ರಗಳಾದರೂ ತೀರ್ಪು ಕೊಡಬಹುದೆಂಬ ಆಶೆಗೆ ಆಧಾರವಿಲ್ಲ. ಗೋಡೆಲ್ ಕೋಹೆನರ ಫಲಿತಾಂಶವನ್ನು 2020ರ ವೇಳೆಗೆ ಗಣಕಯಂತ್ರಗಳು ಅಕ್ಷರ ಅಕ್ಷರವಾಗಿ ಪರಿಶೀಲಿಸಿ ಸರಿಯೆಂದಿರುವುವು. ಆದರೆ ಯಂತ್ರವು ನಿಯಮಗಳಿಂದ ಬರುವುದನ್ನು ಪರೀಕ್ಷಿಸಬಲ್ಲುದು. ಯಾವ ನಿಯಮವನ್ನು ಒಪ್ಪಬೇಕೆಂಬ ವಿವೇಚನೆಯು ಬೇರೆಯದು. ಲೆಕ್ಕದಲ್ಲಿ ಸರಿಯೆಂದರೆ ಸರಿ ಎಂದು ಆರಂಭದಲ್ಲಿ ಹೇಳಿದೆವು. ನಿಯಮಗಳನ್ನು ಒಪ್ಪಿದ ಮೇಲೆ ಅದು ಇಂದಿಗೂ ಸತ್ಯ. ನಿಯಮಗಳನ್ನು ಒಪ್ಪುವ ಮೊದಲು ಗಣಿತಜ್ಞನೂ ವೈದ್ಯನಂತೆ, ನ್ಯಾಯಾಧೀಶನಂತೆ, ಸಾಕ್ಷ್ಯವನ್ನು ತೂಗಿ ನೋಡಬೇಕಾಗಿದೆ. ಮುಂಬರುವ ಸಂಶೋಧನೆಯ ನಿಜವಾದ ಭಾರವು ಇಲ್ಲಿದೆ: ಹೊಸ ಪ್ರಮೇಯಗಳನ್ನು ಸಾಧಿಸುವುದರ ಜೊತೆಗೆ, ಹೊಸ ಸೂತ್ರಕ್ಕೆ ಯಾವುದು ಸಾಕ್ಷ್ಯ, ಎಷ್ಟು ಸಾಕ್ಷ್ಯವು ಸಾಕು ಎಂಬುದನ್ನು ಗೊತ್ತುಮಾಡಬೇಕಾಗಿದೆ.

ಚರಿತ್ರೆಯು ಇಲ್ಲಿ ನಮಗೆ ಕೊಡುವುದು ಭವಿಷ್ಯವಾಣಿಯನ್ನಲ್ಲ, ಒಂದು ಎಚ್ಚರಿಕೆಯನ್ನು. 1925ರ ಇಬ್ಬರು ಪಂಡಿತರಲ್ಲಿ ಎಲ್ಲವೂ ತಿಳಿದೀತೆಂದವನ ಪ್ರಶ್ನೆಯು ಇಂದಿಗೂ ತೆರೆದಿದೆ. ಎಂದಿಗೂ ತಿಳಿಯದೆಂದವನ ಪ್ರಶ್ನೆಗೆ, ಮಹಾಸಂಖ್ಯೆಗಳನ್ನು ಒಪ್ಪುವವರಿಗೆ, ಉತ್ತರವು ದೊರೆತಿದೆ. ಆ ಉತ್ತರವು ಬಂದುದು ಲೂಜಿನನು ಮುಚ್ಚಿದೆಯೆಂದು ಕಂಡ ಬಾಗಿಲಿನಿಂದಲ್ಲ. ಇಬ್ಬರು ಅಂಕಿಯಾಡುವ ಆಟದಿಂದ, ಯಾರ ಕೈಗೂ ಎಟುಕದ ಸಂಖ್ಯೆಗಳಿಂದ. ಸಾತತ್ಯದ ಊಹೆಯನ್ನು ಕೈಬಿಡೋಣವೆನ್ನುವವರಿಗೆ ನಾವು ಇದನ್ನು ನೆನಪುಮಾಡಿಕೊಡುವೆವು. ನಾಳೆಯೇ ಉತ್ತರ ಬಂದೀತೆನ್ನುವವರಿಗೂ, ಹಿಲ್ಬರ್ಟನ ಮ್ಯುನ್‌ಸ್ಟರ್ ಭಾಷಣವನ್ನು ತೋರಿಸಿ, ಇದನ್ನೇ ನೆನಪುಮಾಡಿಕೊಡುವೆವು. ಹಾಲೆಯ ಅಧ್ಯಾಪಕನು ಬಿಟ್ಟುಹೋದ ಪ್ರಶ್ನೆಯು ಇನ್ನೂ ಜೀವಂತವಾಗಿದೆ. ಅದಕ್ಕಾಗಿ ದುಡಿಯುವವರೂ ಇದ್ದಾರೆ.